ನಾಲ್ಕು ಗಾಲಿಯ ಗಾಡಿ ಬಂದ ಮಳೆಗಾಲ

ಕಳೆದ ತಿಂಗಳು ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಶಾಂತಿಗ್ರಾಮ ಇನ್ನೂ ಬಂದಿರಲಿಲ್ಲ. ತೆಂಗಿನಕಾಯಿ ತುಂಬಿದ ಲಾರಿಯೊಂದು ರಸ್ತೆ ಬದಿಯ ಹಸಿ ಮಣ್ಣಿಗೆ ಇಳಿದುಬಿಟ್ಟು, ಮತ್ತೆ ಟಾರಿಗೆ ಹತ್ತಲಾರದೆ ಒದ್ದಾಡುತ್ತಿತ್ತು. ಬಸ್ಸು ನಿಧಾನವಾದಾಗ ಕಿಟಕಿಯಿಂದ ಕ್ಲಚ್ ಸುಟ್ಟ ವಾಸನೆ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು, "ಏನ್ರವ್ವ ಇದು, ಕೂದ್ಲು ಸುಟ್ಟಂಗೆ!" ಎಂದರು. ನನ್ನ ಎಡಗಾಲು ತಾನಾಗಿಯೇ ಬಸ್ಸಿನ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು. ಆ ಕಾಲಿಗೆ ಅರಕಲಗೂಡಿನ ಒಂದು ಮಳೆಗಾಲ ನೆನಪಾಗಿತ್ತು.

ನಾನು ಪಶುವೈದ್ಯೆ. ಮನೆ ಹೊಳೆನರಸೀಪುರದಲ್ಲಿ, ಗಂಡ ಅಲ್ಲೇ ಹೈಸ್ಕೂಲು ಮೇಷ್ಟ್ರು. ಆ ವರ್ಷ ನನ್ನನ್ನು ಅರಕಲಗೂಡು ತಾಲ್ಲೂಕಿನ ಪಡುವಣ ಅಂಚಿನ ಒಂದು ಆಸ್ಪತ್ರೆಗೆ ಹಾಕಿದ್ದರು. ನಮ್ಮ ಜಿಲ್ಲೆಯ ವಿಚಿತ್ರವೇ ಅದು. ಚನ್ನರಾಯಪಟ್ಟಣದ ಕಡೆ ಜನ ಜುಲೈನಲ್ಲಿ ಮುಗಿಲು ನೋಡಿ ಕೈಮುಗಿಯುತ್ತಿದ್ದರೆ, ಅರಕಲಗೂಡಿನ ಆ ಅಂಚಿನಲ್ಲಿ ಅದೇ ಮುಗಿಲನ್ನು ನೋಡಿ "ಸಾಕು ನಿಲ್ಲಪ್ಪ" ಅನ್ನುತ್ತಿರುತ್ತಾರೆ. ಆಲೂಗಡ್ಡೆ, ಹೊಗೆಸೊಪ್ಪು, ಶುಂಠಿ ಬೆಳೆಯುವ ಗುಡ್ಡಗಳು. ಎರಡು ಗುಡ್ಡಗಳ ನಡುವೆ ಒಂದು ಕೆರೆಯೋ ಹಳ್ಳವೋ. ಅದರ ಪಕ್ಕದಲ್ಲಿ ಹತ್ತಿಪ್ಪತ್ತು ಮನೆಗಳ ಕೊಪ್ಪಲು. ಟಾರ್ ರಸ್ತೆ ಮುಗಿದ ಮೇಲೂ ನನ್ನ ಕೆಲಸ ಮುಗಿಯುತ್ತಿರಲಿಲ್ಲ.

ಆಸ್ಪತ್ರೆಯ ವ್ಯಾನು ಜೂನ್ ಮೊದಲ ವಾರದಲ್ಲೇ ಮೂರು ಸಲ ಹೂತುಕೊಂಡಿತು. ಮೂರನೆಯ ಸಲ ಅದನ್ನು ಎಳೆಯಲು ಬಂದ ಟ್ರ್ಯಾಕ್ಟರೂ ಹೂತುಕೊಂಡ ಮೇಲೆ, ಮೇಲಿನವರು ಮನಸ್ಸು ಮಾಡಿ ಮಳೆಗಾಲ ಮುಗಿಯುವವರೆಗೆ ಒಂದು ಫೋರ್ ವ್ಹೀಲ್ ಡ್ರೈವ್ ಗಾಡಿಯನ್ನು ಬಾಡಿಗೆಗೆ ಗೊತ್ತುಮಾಡಿದರು. ಬೂದು ಬಣ್ಣದ, ಎತ್ತರದ, ಹಳೆಯ ಗಾಡಿ. ಹತ್ತಬೇಕಾದರೆ ಸೀರೆಯುಟ್ಟವರು ಎರಡು ಸಲ ಯೋಚಿಸಬೇಕು. ಅದರ ಜೊತೆಯಲ್ಲೇ ಡ್ರೈವರ್ ನಿಂಗರಾಜಣ್ಣ ಬಂದರು.

ಅವರಿಗೆ ಆಗ ಐವತ್ತು ದಾಟಿತ್ತು. ಅರಕಲಗೂಡಿನ ಪಕ್ಕದ ಹಳ್ಳಿಯವರು. ಸ್ವಂತ ಜಮೀನಿನ ಕೆಲಸವನ್ನು ಹೆಂಡತಿಗೆ ಬಿಟ್ಟು, ಸಕಲೇಶಪುರದ ಕಡೆ ಎಸ್ಟೇಟುಗಳಲ್ಲಿ ಜೀಪು ಓಡಿಸಿಕೊಂಡು ಬಹಳ ವರ್ಷ ಕಳೆದಿದ್ದರು. ಮಾತು ಕಡಿಮೆ. ಆಸ್ಪತ್ರೆಯಲ್ಲಿ ಸಹಾಯಕರ ಹುದ್ದೆ ಖಾಲಿಯಿತ್ತು. ದನದ ಮೂಗುದಾರ ಹಿಡಿಯುವುದು, ಲಸಿಕೆಯ ಐಸ್ ಬಾಕ್ಸ್ ಹೊರುವುದು ತಮ್ಮ ಕೆಲಸವಲ್ಲದಿದ್ದರೂ ಅವರೇ ಮಾಡುತ್ತಿದ್ದರು.

ಗಾಡಿಯಲ್ಲಿ ಎರಡು ಗೇರ್ ರಾಡುಗಳಿದ್ದವು. ಉದ್ದದ್ದು ಎಲ್ಲ ಗಾಡಿಗಳಲ್ಲಿರುವಂಥದ್ದು. ಅದರ ಪಕ್ಕದ ಗಿಡ್ಡದ್ದು ಯಾಕೆಂದು ನಾನು ಮೊದಲ ದಿನವೇ ಕೇಳಿದೆ. ನನಗೆ ಚಿಕ್ಕಂದಿನಿಂದ ಈ ಚಾಳಿ. ಯಾವುದಾದರೂ ವಸ್ತು ಕೆಲಸ ಮಾಡುತ್ತಿದ್ದರೆ ಅದು ಹೇಗೆ ಮಾಡುತ್ತಿದೆ ಎಂದು ತಿಳಿಯದೆ ಹೊಟ್ಟೆಗೆ ಅನ್ನ ಸೇರುವುದಿಲ್ಲ.

"ಅದಾ?" ಎಂದರು ನಿಂಗರಾಜಣ್ಣ. "ಅದು ಹಿಂದ್ಗಡೆ ಇದ್ರೆ ಎರಡೇ ಗಾಲಿ ತಳ್ತವೆ. ಮುಂದಕ್ಕಾಕಿದ್ರೆ ಮುಂದ್ಲವೂ ಎಳೀತವೆ. ಇನ್ನೊಂದು ಮನೆ ಐತೆ, ಲೋ ಅಂತ. ಅದ್ಕಾಕಿದ್ರೆ ಗಾಡಿ ಎಮ್ಮೆ ಆಯ್ತದೆ. ನಿಧಾನ ಓಯ್ತದೆ, ಆದ್ರೆ ಯಾವ್ದಕ್ಕೂ ಬಗ್ಗಲ್ಲ."

"ಹಾಗಾದರೆ ಯಾವಾಗಲೂ ನಾಲ್ಕರಲ್ಲೇ ಹೋಗಬಹುದಲ್ಲ?"

"ಟಾರ್ ಮ್ಯಾಲೆ ಹಾಕ್ಬಾರ್ದು ಮೇಡಂ. ತಿರುಗಿಸ್ದಾಗ ಮುಂದಿನ್ ಗಾಲಿಗೊಂದ್ ದಾರಿ, ಹಿಂದಿನ್ ಗಾಲಿಗೊಂದ್ ದಾರಿ. ಒಳ್ಗೇ ಕಿತ್ತಾಡ್ತವೆ. ಕೆಸ್ರಲ್ಲಾದ್ರೆ ಒಸಿ ಜಾರಿ ಒಂದಾಣಿಕೆ ಮಾಡ್ಕತವೆ."

ಜಾರುವುದರಿಂದಲೂ ಒಂದು ಉಪಯೋಗವಿದೆ ಎಂಬುದು ನನಗೆ ಹೊಸ ಸಂಗತಿ. ಅವತ್ತು ಮನೆಗೆ ಹೋದವಳೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ಅದೇ ಅಭ್ಯಾಸವಾಯಿತು. ಇಂಥ ಕಡೆ ಕೆಮ್ಮಣ್ಣು, ಗೊರಜು ಕಲ್ಲು ಬೆರೆತದ್ದು, ಎರಡು ಗಾಲಿಯಲ್ಲೇ ಹತ್ತಿತು. ಇಂಥ ಕಡೆ ಜೇಡಿ, ನಾಲ್ಕು ಗಾಲಿ ಹಾಕಿದರೂ ಪಕ್ಕಕ್ಕೆ ಎಳೆಯಿತು. ಹುಲ್ಲಿದ್ದ ಏರು, ಒಣಗಿದಂತೆ ಕಾಣುತ್ತಿತ್ತು, ಆದರೆ ಅತಿ ಮೋಸ. ನಮ್ಮ ಯಜಮಾನರು ಅದನ್ನು ತಿರುವಿಹಾಕಿ, "ದನದ ವಿಷಯ ಒಂದಾದರೂ ಇದೆಯೇನೇ ಇದರಲ್ಲಿ?" ಎಂದು ನಕ್ಕಿದ್ದರು.

ಇತ್ತು. ಒಂದು ದಿನ ಕೆರೆಯ ಅಂಗಳದ ಕೆಸರಿಗೆ ಇಳಿಯುವ ಮುಂಚೆ ನಿಂಗರಾಜಣ್ಣ ಗಾಡಿ ನಿಲ್ಲಿಸಿ, ನಾಲ್ಕೂ ಟೈರುಗಳ ಗಾಳಿಯನ್ನು ಅರ್ಧಕ್ಕರ್ಧ ಬಿಟ್ಟರು. ಕೆಸರಿಗೆ ಹೋಗುವಾಗ ಗಾಳಿ ತುಂಬಿಸುವುದು ಬಿಟ್ಟು ಯಾಕೆ ತೆಗೆಯುತ್ತಾರೆ ಎಂದು ನಾನು ನೋಡುತ್ತಾ ನಿಂತೆ. ಟೈರು ಕೆಳಗೆ ಅಗಲವಾಗಿ ಚಪ್ಪಟೆಯಾಯಿತು. ಅಲ್ಲೇ ಹತ್ತಿರದಲ್ಲಿ ಎಮ್ಮೆಯೊಂದು ನೀರಿಂದ ಎದ್ದು ದಡಕ್ಕೆ ಬರುತ್ತಿತ್ತು. ಕಾಲು ಊರಿದಾಗ ಅದರ ಗೊರಸಿನ ಎರಡು ಭಾಗ ಬಿಚ್ಚಿಕೊಂಡು ಅಗಲವಾಗುತ್ತಿತ್ತು. ಎತ್ತುವಾಗ ಮತ್ತೆ ಕೂಡಿಕೊಳ್ಳುತ್ತಿತ್ತು. ಐದು ವರ್ಷ ಕಾಲೇಜಿನಲ್ಲಿ ಗೊರಸಿನ ಪಾಠ ಓದಿದ್ದ ನನಗೆ ಅದು ಅಂದು ಅರ್ಥವಾಯಿತು. ವಾಪಸು ಟಾರಿಗೆ ಬಂದಾಗ ಕಾಲಲ್ಲಿ ತುಳಿಯುವ ಪಂಪಿನಿಂದ ಗಾಳಿ ತುಂಬಬೇಕಿತ್ತು. ಎರಡು ಗಾಲಿ ಅವರದು, ಎರಡು ನನ್ನದು.

ನಿಂಗರಾಜಣ್ಣನ ಇನ್ನೊಂದು ರೂಢಿ, ಅನುಮಾನ ಬಂದ ಕಡೆಯೆಲ್ಲ ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ಮುಂದಕ್ಕೆ ನಡೆದು ನೋಡಿ ಬರುವುದು. ಮೊದಮೊದಲು ನನಗೆ ಅದು ಚೆಂದವೆನ್ನಿಸಿತು. ಕಾಲ ಬೆರಳಿನ ಸಂದಿಯಲ್ಲಿ ಮಣ್ಣು ಹೇಗೆ ಮೇಲೆದ್ದು ಬರುತ್ತದೆ ಎಂಬುದರ ಮೇಲೆ ಅವರು ಗೇರು ಯಾವುದೆಂದು ಹೇಳುತ್ತಿದ್ದರು. ಜುಲೈ ಕೊನೆಯ ಹೊತ್ತಿಗೆ ಬೇಸರ ಬರತೊಡಗಿತು. ಅಷ್ಟರಲ್ಲಿ ಆ ಗಾಡಿ ಮೊಣಕಾಲುದ್ದ ನೀರು ಹರಿಯುವ ಹಳ್ಳ ದಾಟಿದ್ದನ್ನು ನಾನು ಕಂಡಿದ್ದೆ. ಜನ ನಡೆಯಲು ಹೆದರುವ ಕಲ್ಲಿನ ಏರನ್ನು ಆಮೆಯ ಹಾಗೆ ಹತ್ತಿದ್ದನ್ನು ಕಂಡಿದ್ದೆ. ಹೋಗುತ್ತದೆ ಎಂದು ಗೊತ್ತಿರುವ ಗಾಡಿಗೆ ಇಷ್ಟೆಲ್ಲ ಶಾಸ್ತ್ರ ಯಾಕೆ ಅನ್ನಿಸುತ್ತಿತ್ತು.

ಒಂದೇ ಒಂದು ಸಲ ಅದು ನಮ್ಮನ್ನು ಕೈಬಿಟ್ಟಿತು. ತೋಟದ ದಾರಿಯಲ್ಲಿ ಒಂದು ಕಡೆ ಗುಂಡಿ, ಇನ್ನೊಂದು ಕಡೆ ದಿಬ್ಬ. ಗಾಡಿ ಕಾಲು ಕುಂಟಾದ ಮೇಜಿನ ಹಾಗೆ ಓರೆಯಾಗಿ ನಿಂತಿತು. ನಾನು ಇಳಿದು ನೋಡಿದೆ. ಮುಂದಿನ ಬಲಗಾಲಿ, ಹಿಂದಿನ ಎಡಗಾಲಿ ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿದ್ದವು. ನೆಲಕ್ಕೆ ಊರಿದ್ದ ಎರಡು ಗಾಲಿಗಳು ಕಲ್ಲಿನ ಹಾಗೆ ಕೂತಿದ್ದವು.

"ನಿಂಗರಾಜಣ್ಣ, ನಾಲ್ಕೂ ತಿರುಗುತ್ತವೆ ಅಂದಿರಿ. ಇಲ್ಲಿ ಎರಡೇ ತಿರುಗುತ್ತಿವೆ. ಅದೂ ಕೆಲಸಕ್ಕೆ ಬಾರದವು!"

ಅವರು ಇಳಿದು, ತಲೆ ಕೆರೆದುಕೊಂಡು, "ಅದ್ಯಾಕಂಗಾಯ್ತದೋ ನಂಗೂ ಗೊತ್ತಿಲ್ಲ ಮೇಡಂ. ಕಲ್ಲು ಕೊಟ್ರೆ ಎದ್ ಬತ್ತದೆ," ಎಂದರು. ಗಾಲಿಯ ಕೆಳಗೆ ಕಲ್ಲು ಕೊಟ್ಟೆವು, ಎದ್ದು ಬಂತು. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಶನಿವಾರ ಗಾಡಿಯನ್ನು ಸರ್ವೀಸಿಗೆಂದು ಹಾಸನದ ಗ್ಯಾರೇಜಿಗೆ ಒಯ್ದಾಗ ನಾನೂ ಹೋದೆ. ಅಲ್ಲಿನ ಮೆಕ್ಯಾನಿಕ್ ರಿಯಾಜ್ ಬೇರೆ ಯಾವುದೋ ಗಾಡಿಯ ಹಿಂದಿನ ಆಕ್ಸಲನ್ನು ಬಿಚ್ಚಿ ಇಟ್ಟುಕೊಂಡಿದ್ದ. ಗ್ರೀಸಿನಲ್ಲಿ ಮುಳುಗಿದ್ದ ಹಲ್ಲುಗಾಲಿಗಳನ್ನು ಕೈಯಲ್ಲಿ ತಿರುಗಿಸಿ ತೋರಿಸಿದ.

"ನೋಡಿ ಮೇಡಂ, ಇದಕ್ಕೆ ಡಿಫ್ರೆನ್ಷಿಯಲ್ ಅಂತಾರೆ. ಎರಡು ಗಾಲಿಗೂ ಸಮ ಹಂಚೋದು ಇದರ ಕೆಲಸ. ಬಹುತ್ ಪಾಪದ್ದು ಇದು. ಒಂದು ಗಾಲಿ ಸುಮ್ನೆ ಗಾಳೀಲಿ ತಿರುಗಿದ್ರೆ ಅದಕ್ಕೆ ಜೋರೇ ಬೇಡ ಅಲ್ವಾ? ಹಂಗಾದ್ರೆ ಆ ಕಡೆಯವನಿಗೂ ಅಷ್ಟೇ ಸಿಗೋದು. ಅಂದ್ರೆ ಏನೂ ಇಲ್ಲ."

"ಹಾಗಾದರೆ ಏನು ಮಾಡಬೇಕು?"

"ಹೊಸ ಗಾಡಿಗಳಲ್ಲಿ ಅದಕ್ಕೆ ಲಾಕ್ ಬರುತ್ತೆ. ನಿಮ್ಮದರಲ್ಲಿ ಇಲ್ಲ. ಒಂದು ಕೆಲಸ ಮಾಡಿ. ಲೋ ಗೇರಲ್ಲಿ ಆಕ್ಸಿಲರೇಟರ್ ಕೊಡ್ತಾ ಕೊಡ್ತಾ ಎಡಗಾಲಲ್ಲಿ ಬ್ರೇಕ್ ಸ್ವಲ್ಪ ಒತ್ತಿ. ಸ್ವಲ್ಪ ಅಂದ್ರೆ ಸ್ವಲ್ಪಾನೇ. ಸುಮ್ನೆ ತಿರುಗೋನಿಗೆ ಬ್ರೇಕ್ ಬಿಗಿಯಾಗುತ್ತೆ, ಆಗ ಜೋರು ಆ ಕಡೆಗೂ ಹೋಗುತ್ತೆ."

ಮುಂದಕ್ಕೆ ಹೋಗಲು ಬ್ರೇಕ್ ಒತ್ತಬೇಕೆಂದರೆ ನಿಂಗರಾಜಣ್ಣನಿಗೆ ನಂಬಿಕೆ ಬರಲಿಲ್ಲ. ವಾಪಸು ಬರುವಾಗ, "ಗ್ಯಾರೇಜ್‌ನೋರು ಇಂಗೇ ಏನೇನೋ ಯೋಳ್ತಾರೆ ಬುಡಿ," ಎಂದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆಗಸ್ಟಿನಲ್ಲಿ ಮಳೆ ಒಂಬತ್ತು ದಿನ ಒಂದೇ ಸಮ ಹಿಡಿಯಿತು. ಒಂಬತ್ತನೆಯ ಬೆಳಿಗ್ಗೆ ಬಸರಿಕೊಪ್ಪಲಿನಿಂದ ಫೋನು ಬಂತು. ಮಾತಾಡಿದವರು ಕೆಂಪಮ್ಮ.

ಕೆಂಪಮ್ಮನ ಪರಿಚಯ ನನಗೆ ಮೇ ತಿಂಗಳಲ್ಲೇ ಆಗಿತ್ತು. ಮಳೆಗೆ ಮುಂಚೆ ದನಗಳ ಗಂಟಲು ಊದಿಸುವ ಗಳಲೆ ರೋಗಕ್ಕೆ ಲಸಿಕೆ ಹಾಕಲು ಹೋಗಿದ್ದಾಗ, ಎರಡು ಕೈಯನ್ನೂ ಅಡ್ಡ ಹಿಡಿದು ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದ ಹೆಂಗಸು. "ಸೂಜಿ ಚುಚ್ಚಿದ್ರೆ ಆಲು ಇಳೀತದೆ ಡಾಕ್ಟ್ರಮ್ಮ. ನಾಳೆ ಡೈರಿಗೆ ನೀರ್ ಒತ್ಕೊಂಡು ಓಗ್ಲಾ?" ಎಂದಿದ್ದರು. ಎರಡು ದಿನ ಹಾಲು ಸ್ವಲ್ಪ ಕಡಿಮೆಯಾಗುವುದು ನಿಜ. ಸುಳ್ಳು ಹೇಳಲು ನನಗೆ ಬರಲಿಲ್ಲ. ಅವರನ್ನು ನೋಡಿ ಅರ್ಧ ಕೊಪ್ಪಲು ಬೇಡವೆಂದಿತ್ತು.

ಈಗ ಅದೇ ಧ್ವನಿ ಫೋನಿನಲ್ಲಿ ನಡುಗುತ್ತಿತ್ತು. "ರಾತ್ರಿ ಎರಡು ಎಮ್ಮೆ ಓದ್ವು ಡಾಕ್ಟ್ರಮ್ಮ. ಗಂಟ್ಲು ಊದ್ಕಂಡು, ಗೊರಗೊರ ಅನ್ಕಂಡು... ಈಗ ನಮ್ ಎಮ್ಮೆನೂ ಮೇವು ಬುಟ್ಟದೆ. ಬಂದ್ಬುಡಿ ತಾಯಿ."

ಗಳಲೆ ರೋಗ ಕಾಯುವುದಿಲ್ಲ. ಜ್ವರ ಬಂದ ಕೆಲವೇ ಗಂಟೆಗಳಲ್ಲಿ ಔಷಧಿ ರಕ್ತಕ್ಕೆ ಸೇರದಿದ್ದರೆ ದನ ಉಳಿಯುವುದಿಲ್ಲ. ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಔಷಧಿ, ಐಸ್ ಬಾಕ್ಸಿನಲ್ಲಿ ಲಸಿಕೆ ತುಂಬಿಕೊಂಡು ಹೊರಟೆವು. ಟಾರ್ ರಸ್ತೆ ಮುಗಿಯಿತು. ಗುಡ್ಡ ಹತ್ತಿದೆವು, ಲೋ ಗೇರಿನಲ್ಲಿ, ತೊಂದರೆಯಿಲ್ಲದೆ. ನೆತ್ತಿಯ ಮೇಲೆ ನಿಂಗರಾಜಣ್ಣ ಎಂದಿನಂತೆ ಗಾಡಿ ನಿಲ್ಲಿಸಿ, ಇಳಿದು, ಇಳಿಜಾರಿನಲ್ಲಿ ನಡೆದು ಹೋದರು. ಬರಲು ಹತ್ತು ನಿಮಿಷವಾಯಿತು. ನಾನು ಗಡಿಯಾರ ನೋಡುತ್ತಿದ್ದೆ.

ಅವರು ಬಾಗಿಲ ಹತ್ತಿರ ನಿಂತು ಹೇಳಿದರು. "ಬ್ಯಾಡ ಮೇಡಂ. ಬರೀ ಜೇಡಿ. ರಸ್ತೆ ಬ್ಯಾರೆ ಕೆರೆ ಕಡೀಕೆ ವಾಲ್ಕಂಡದೆ. ಇಲ್ಲೇ ನಿಲ್ಸಿ ನಡ್ಕಂಡು ಓಗಣ. ಬಾಕ್ಸ್ ನಾನ್ ಹೊತ್ಕತೀನಿ."

"ಎಷ್ಟು ದೂರ?"

"ಮುಕ್ಕಾಲು ಗಂಟೆ ದಾರಿ."

"ಅಷ್ಟು ಹೊತ್ತಿಗೆ ಇನ್ನೆರಡು ಸಾಯುತ್ತವೆ ನಿಂಗರಾಜಣ್ಣ. ಇದಕ್ಕಿಂತ ಕಡಿದಾದ್ದನ್ನು ಹತ್ತಿದೆಯಲ್ಲ ಈ ಗಾಡಿ. ಹೋಗುತ್ತೆ, ನಡೀರಿ."

"ಹತ್ತೋದು ಬ್ಯಾರೆ, ಇಳಿಯೋದು ಬ್ಯಾರೆ ಮೇಡಂ. ಹತ್ತುವಾಗ ನಾಕು ಗಾಲಿ ಎಳೀತವೆ. ಇಳಿವಾಗ ಗಾಡಿ ತೂಕ ಎಳೀತದೆ. ಗಾಲಿ ಜೇಡಿ ಮೆತ್ಕಂಡ್ರೆ ನಾಕಿದ್ರೂ ಅಷ್ಟೇ, ನಲವತ್ತಿದ್ರೂ ಅಷ್ಟೇ."

"ನಾನು ಹೇಳುತ್ತಿದ್ದೀನಲ್ಲ. ನಡೀರಿ."

ಆ ಮಾತನ್ನು ನಾನು ಯಾವ ಧ್ವನಿಯಲ್ಲಿ ಹೇಳಿದೆ ಎಂಬುದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದು ಕೋಪದ ಧ್ವನಿಯಾಗಿರಲಿಲ್ಲ. ಅಧಿಕಾರಿಯ ಧ್ವನಿ. ಅವರು ಹತ್ತಿ ಕೂತರು. ಮೊದಲ ಗೇರಿಗೆ ಹಾಕಿ, ಎರಡು ಕಾಲನ್ನೂ ಪೆಡಲುಗಳಿಂದ ತೆಗೆದು, ಗಾಡಿಯನ್ನು ಇಂಜಿನ್ನಿನ ಹಿಡಿತದಲ್ಲೇ ಇಳಿಬಿಟ್ಟರು.

ಅರ್ಧ ಇಳಿಜಾರಿನವರೆಗೆ ಅದು ಅಜ್ಜಿ ಮೆಟ್ಟಿಲಿಳಿದ ಹಾಗೆ ಇಳಿಯಿತು. ನಾನು ಒಳಗೇ ಹಿಗ್ಗುತ್ತಿದ್ದೆ. ಆಮೇಲೆ ಏನೂ ಸದ್ದಾಗಲಿಲ್ಲ, ಅದೇ ಭಯಂಕರ. ಗಾಡಿ ಮೂತಿಯನ್ನು ಮುಂದಕ್ಕೇ ಇಟ್ಟುಕೊಂಡು ಮೈಯನ್ನು ಮಾತ್ರ ಪಕ್ಕಕ್ಕೆ, ಕೆರೆಯ ಕಡೆಗೆ ಸರಿಸತೊಡಗಿತು. ಗಾಲಿಗಳೆಲ್ಲ ತಿರುಗುತ್ತಿದ್ದವು, ಯಾವುದೂ ನೆಲವನ್ನು ಹಿಡಿದಿರಲಿಲ್ಲ. ನಿಂಗರಾಜಣ್ಣ ಸ್ಟೇರಿಂಗನ್ನು ಜಾರುವ ಕಡೆಗೇ ತಿರುಗಿಸಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ಬಲಕ್ಕೆ ಎಳೆದರು. ಮೂತಿ ದಿಬ್ಬದ ಕಡೆ ಏರಿತು. ಹಿಂದಿನ ಎಡಗಾಲಿ ರಸ್ತೆಯ ಅಂಚು ತಪ್ಪಿ ಚರಂಡಿಗೆ ಬಿತ್ತು. ಗಾಡಿ ದಢಕ್ಕನೆ ನಿಂತಾಗ ಅವರ ಬಲ ಭುಜ ಬಾಗಿಲಿಗೆ ಅಪ್ಪಳಿಸಿತು.

ಅಲ್ಲಿಗೆ ನಿಲ್ಲದಿದ್ದರೆ ಕೆಳಗೆ ಕೆರೆ. ನೀರು ನಾಲ್ಕು ಮಾರು ದೂರದಲ್ಲಿತ್ತು.

"ನಿಮ್ಗೇನಾಯ್ತು ಮೇಡಂ?" ಎಂದು ಅವರು ನನ್ನನ್ನು ಕೇಳಿದರು. ನನಗೇನೂ ಆಗಿರಲಿಲ್ಲ. ಅವರ ಮುಖ ಬಿಳುಚಿಕೊಂಡಿತ್ತು. ಶರಟಿನ ಒಳಗೆ ಕೈಯಾಡಿಸಿ ನೋಡಿದೆ. ದನದ್ದಾದರೇನು ಮನುಷ್ಯನದ್ದಾದರೇನು, ಮುರಿದ ಮೂಳೆ ಬೆರಳಿಗೆ ತಿಳಿಯುತ್ತದೆ. ಕೊರಳ ಮೂಳೆ ಮುರಿದಿತ್ತು. ಟವೆಲ್ಲಿನಿಂದ ಕೈಯನ್ನು ಎದೆಗೆ ಬಿಗಿದು ಕಟ್ಟಿದೆ. "ಮೊದಲು ನಿಮ್ಮನ್ನು ವಾಪಸು ಕರಕೊಂಡು ಹೋಗಬೇಕು," ಎಂದೆ.

"ಯಾತ್ರಲ್ಲಿ ಕರ್ಕೊಂಡೋಗ್ತೀರಿ?" ಎಂದರು ಅವರು. "ಕೊಪ್ಪಲು ಇಲ್ಲೇ ಅದೆ, ಇಳೀರಿ. ಬಂದಿದ್ ಕೆಲ್ಸ ಮಾಡಿ."

ಐಸ್ ಬಾಕ್ಸನ್ನು ನಾನು ಹೊತ್ತೆ. ಜೇಡಿ ನನ್ನ ಎರಡು ಚಪ್ಪಲಿಯನ್ನೂ ಕಿತ್ತುಕೊಂಡಿತು. ಅವರು ಎಡಗೈಯಲ್ಲಿ ಔಷಧಿಯ ಚೀಲ ಹಿಡಿದು ಮುಂದೆ ಮುಂದೆ, ಎಲ್ಲಿ ಕಾಲಿಡಬೇಕೆಂದು ತೋರಿಸುತ್ತಾ ನಡೆದರು.

ಕೆಂಪಮ್ಮನ ಎಮ್ಮೆಗೆ ಆಗಲೇ ಗಂಟಲು ಊದಿತ್ತು. ರಕ್ತನಾಳಕ್ಕೆ ಔಷಧಿ ಕೊಟ್ಟೆ. ಉಳಿಯುವ ಭರವಸೆ ಕೊಡಲಿಲ್ಲ. ಆಮೇಲೆ ಮನೆಮನೆಯ ಕೊಟ್ಟಿಗೆ. ಜ್ವರ ಇದ್ದವಕ್ಕೆ ಔಷಧಿ, ಇಲ್ಲದವಕ್ಕೆ ಲಸಿಕೆ. ಒಬ್ಬರೂ ಬೇಡವೆನ್ನಲಿಲ್ಲ. ಕೆಂಪಮ್ಮ ತಮ್ಮ ಎಮ್ಮೆಯನ್ನು ಬಿಟ್ಟು ನನ್ನ ಜೊತೆಯಲ್ಲೇ ಬಂದು, ಬೇರೆಯವರ ದನಗಳ ಕೊಂಬು ಹಿಡಿದು ನಿಂತರು. ನಿಂಗರಾಜಣ್ಣ ಒಂದು ಜಗಲಿಯ ಮೇಲೆ ಕೂತು, ಕಣ್ಣು ಮುಚ್ಚಿ, ಹಲ್ಲು ಕಚ್ಚಿಕೊಂಡಿದ್ದರು. ಪ್ರತಿ ಕೊಟ್ಟಿಗೆಯಿಂದ ಹೊರಬಂದಾಗಲೂ ನಾನು ಆ ಜಗಲಿಯ ಕಡೆ ನೋಡುತ್ತಿದ್ದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಕೆಲಸ ಮುಗಿಯಿತು. ಮಳೆ ಸ್ವಲ್ಪ ಬಿಟ್ಟಿತ್ತು. ಕೊಪ್ಪಲಿನ ಜನ ಹಗ್ಗ, ಗುದ್ದಲಿ, ಸೊಪ್ಪಿನ ಹೊರೆ ಹಿಡಿದು ಗಾಡಿಯ ಹತ್ತಿರ ಬಂದರು. ಮೇಲಿನ ದಿಬ್ಬದ ಮರಕ್ಕೆ ಹಗ್ಗ ಸುತ್ತಿ, ಗಾಡಿ ಕೆರೆಯ ಕಡೆ ಜಾರದಂತೆ ಹಿಡಿದರು. ಓಡಿಸುವವರು ಯಾರು? ಕೊಪ್ಪಲಿನಲ್ಲಿ ಬೈಕು ಓಡಿಸುವವರು ಇದ್ದರು, ಅಷ್ಟೇ. ನನಗೆ ಲೈಸೆನ್ಸ್ ಇತ್ತು. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ನಮ್ಮ ಸಣ್ಣ ಕಾರು ಓಡಿಸಿದ್ದೇ ನನ್ನ ಅನುಭವ.

ಸೀಟಿನಲ್ಲಿ ಕೂತು, ಗಿಡ್ಡ ರಾಡು ಲೋದಲ್ಲೇ ಇದೆಯೆಂದು ನೋಡಿಕೊಂಡೆ. ನಿಂಗರಾಜಣ್ಣ ಕಿಟಕಿಯ ಹತ್ತಿರ ನಿಂತು, "ಹಿಂದಕ್ಕಲ್ಲ, ಮುಂದಕ್ಕೇ, ದಿಬ್ಬದ್ ಕಡೀಕೆ. ಅಲ್ಲಿ ಗೊರಜೈತೆ," ಎಂದರು. ಮೊದಲ ಸಲ ಕ್ಲಚ್ಚನ್ನು ಅರ್ಧಕ್ಕೇ ಹಿಡಿದುಕೊಂಡೆ. ಆ ಸುಟ್ಟ ವಾಸನೆ ಬಂತು. "ಪೂರ್ತಿ ಬುಡಿ ಮೇಡಂ, ಪೂರ್ತಿ ಬುಡಿ!" ಎಂದು ಅವರು ಕೂಗಿದರು. ಪೂರ್ತಿ ಬಿಟ್ಟೆ. ಇಂಜಿನ್ ಒದರಿತು, ಗಾಡಿ ಅಲ್ಲಾಡಲಿಲ್ಲ. ಹೊರಗೆ ಇಣುಕಿದೆ. ಮುಂದಿನ ಬಲಗಾಲಿ ಕೆಸರು ಎರಚುತ್ತಾ ಸುಮ್ಮನೆ ತಿರುಗುತ್ತಿತ್ತು. ಹಿಂದೆ ಚರಂಡಿಯಲ್ಲಿದ್ದದ್ದೂ ಹಾಗೇ. ಇನ್ನೆರಡು ಕದಲದೆ ನಿಂತಿದ್ದವು.

ಈ ಚಿತ್ರ ನನಗೆ ಗೊತ್ತಿತ್ತು. ಎಡಗಾಲನ್ನು ಬ್ರೇಕಿನ ಮೇಲಿಟ್ಟೆ. ಬಲಗಾಲನ್ನು ಎತ್ತದೆ, ಎಡಗಾಲಿನಿಂದ ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಒತ್ತಿದೆ. ಇಂಜಿನ್ ನರಳಿತು. ಇನ್ನೊಂದು ಕೂದಲೆಳೆಯಷ್ಟು ಒತ್ತಿದೆ. ಸುಮ್ಮನೆ ತಿರುಗುತ್ತಿದ್ದ ಗಾಲಿ ನಿಧಾನವಾಯಿತು, ಆ ಕ್ಷಣವೇ ಗಾಡಿ ಒಳಗಿಂದ ಒಮ್ಮೆ ಮೈಮುರಿದು ಎದ್ದಿತು. ಯಾರೋ "ಬಂತು, ಬಂತು, ಎಳೀರ್ಲಾ!" ಎಂದು ಕೂಗಿದರು. ಚರಂಡಿಯ ಗಾಲಿ ಮೇಲಕ್ಕೆ ಬಂದು ಸೊಪ್ಪನ್ನು ತುಳಿಯಿತು, ಮೂತಿ ಗೊರಜು ನೆಲವನ್ನು ಕಚ್ಚಿತು. ಅಲ್ಲೇ ಹಿಂದೆ ಮುಂದೆ ಮಾಡಿ ಗಾಡಿಯನ್ನು ತಿರುಗಿಸಿ, ದಿಬ್ಬದ ಅಂಚು ಹಿಡಿದು ನೆತ್ತಿಯವರೆಗೆ ನಾನೇ ಹತ್ತಿಸಿದೆ.

ಅಲ್ಲಿಂದ ಹಾಸನದ ಆಸ್ಪತ್ರೆಯವರೆಗೂ ನಾನೇ ಓಡಿಸಿದೆ. ದಾರಿಯಲ್ಲಿ ಎರಡು ಸಲ "ಗಿಡ್ಡ ರಾಡ್ ಹಿಂದಕ್ಕಾಕಿ, ಟಾರ್ ಬಂತು," "ಇಂಡಿಕೇಟರ್ ಆಫ್ ಮಾಡಿ," ಎಂದದ್ದು ಬಿಟ್ಟರೆ ನಿಂಗರಾಜಣ್ಣ ಮಾತಾಡಲಿಲ್ಲ. ಕ್ಷಮಿಸಿ ಎನ್ನಲು ನಾನು ನಾಲ್ಕೈದು ಸಲ ಬಾಯಿ ತೆರೆದೆ. ಗುಂಡಿ ಬಂದಾಗಲೆಲ್ಲ ಅವರು ನೋವಿಗೆ ಉಸಿರು ಬಿಗಿಹಿಡಿಯುತ್ತಿದ್ದುದು ಕೇಳಿ ಮಾತು ಹಾಗೇ ಒಳಗೆ ಹೋಗುತ್ತಿತ್ತು.

ಕೆಂಪಮ್ಮನ ಎಮ್ಮೆ ಮಾರನೆಯ ದಿನ ಸತ್ತಿತು. ಅವರ ಎರಡು ಕಡಸುಗಳು ಉಳಿದವು. ಆಮೇಲೆ ಇನ್ನೊಂದು ಮನೆಯ ಹಸು ಹೋಯಿತು. ಅಲ್ಲಿಗೆ ರೋಗ ನಿಂತಿತು.

ಅಪಘಾತದ ವರದಿ ಬರೆಯಬೇಕಿತ್ತು. ಮೇಲಧಿಕಾರಿಗಳು ಒಳ್ಳೆಯವರೇ. "ಚಾಲಕನ ಅಜಾಗರೂಕತೆ ಅಂತ ಬರೆದುಬಿಡಿ, ಬಾಡಿಗೆ ಗಾಡಿ, ಅವರವರು ನೋಡಿಕೊಳ್ಳುತ್ತಾರೆ. ನಿಮ್ಮ ಮೇಲೆ ಏನೂ ಬರೋದಿಲ್ಲ," ಎಂದರು. ಹಾಗೆ ಬರೆದರೆ ಗಾಡಿಯ ಮಾಲೀಕ ನಿಂಗರಾಜಣ್ಣನನ್ನು ಮತ್ತೆ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಚಾಲಕರು ಬೇಡವೆಂದು ಎರಡು ಸಲ ಹೇಳಿದರು, ನಾನು ಒತ್ತಾಯಿಸಿದೆ, ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ. ನನಗೊಂದು ನೋಟಿಸು ಬಂತು, ಉತ್ತರ ಕೊಟ್ಟೆ, ಎಚ್ಚರಿಕೆ ಕೊಟ್ಟು ಬಿಟ್ಟರು. ಇದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ವರದಿ ಬರೆಯುವುದು ಸುಲಭ. ಅವರ ಮನೆಗೆ ಹೋಗುವುದು ಕಷ್ಟವಿತ್ತು. ಇವತ್ತು, ನಾಳೆ ಎಂದು ಎರಡು ತಿಂಗಳು ತಳ್ಳಿದೆ.

ಕೊನೆಗೆ ದೀಪಾವಳಿಯ ಮುಂಚಿನ ಭಾನುವಾರ ಹೋದೆ. ನಿಂಗರಾಜಣ್ಣ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಲಗೈಯನ್ನು ಮಡಚಿ ಹೊಟ್ಟೆಗೆ ಅಂಟಿಸಿಕೊಂಡಿದ್ದರು. ಅವರ ಹೆಂಡತಿ ಸಾಕಮ್ಮ ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ನನ್ನನ್ನು ನೋಡಿ, "ಬನ್ನಿ" ಎಂದು ಒಂದು ಮಾತು ಅಂದು, ಕುರ್ಚಿ ಒರೆಸಿಕೊಟ್ಟು, ಎದುರಿಗೇ ನಿಂತರು.

"ಕೈ ಹೇಗಿದೆ?" ಎಂದು ಕೇಳಿದೆ.

"ಮೂಳೆ ಕೂಡ್ಕಂಡದಂತೆ," ಎಂದರು ಸಾಕಮ್ಮ, ಗಂಡನ ಬದಲಿಗೆ. "ಡಾಕ್ಟ್ರು ದಿನಾ ಕೈ ಚಾಚ್ಬೇಕು, ಎತ್ಬೇಕು ಅಂತ ಯೋಳವ್ರೆ. ಇವ್ರು ಚಾಚಲ್ಲ. ಎದ್ರಿಕೆ. ಇಂಗೇ ಮಡಿಚ್ಕಂಡೇ ಇದ್ರೆ ಗಟ್ಟಿಯಾಗೋಯ್ತದೆ, ಆಮ್ಯಾಲೆ ಸ್ಟೇರಿಂಗ್ ಎಲ್ಲಿ ಇಡೀತಾರೆ?" ನನ್ನ ಮುಖವನ್ನೇ ನೋಡುತ್ತಾ ಕೇಳಿದರು. "ಒಂದ್ ಮಾತ್ ಕೇಳ್ತೀನಿ ಮೇಡಮ್ಮೋರೆ, ಬೇಜಾರ್ ಮಾಡ್ಕಬ್ಯಾಡಿ. ಆ ಗಾಡಿ ಮ್ಯಾಲೆ ಇದ್ದ ನಂಬ್ಕೆ ಇವ್ರ ಮಾತಿನ ಮ್ಯಾಲೆ ನಿಮ್ಗೆ ಯಾಕಿರ್ನಿಲ್ಲ?"

"ಸುಮ್ಕಿರು ನೀನು," ಎಂದರು ನಿಂಗರಾಜಣ್ಣ.

"ಇಲ್ಲ, ಅವರು ಕೇಳೋದು ಸರಿ," ಎಂದೆ. "ತಪ್ಪು ಮಾಡಿದೆ ಸಾಕಮ್ಮನೋರೆ. ಎರಡು ತಿಂಗಳಿಂದ ಇದನ್ನು ಹೇಳೋಕೆ ಬರಬೇಕು ಅಂತಿದ್ದೆ. ಧೈರ್ಯ ಬರಲಿಲ್ಲ."

ಅಂಗಳದಲ್ಲಿ ಕೋಳಿಯೊಂದು ಕೆದಕುತ್ತಿತ್ತು. ಸಾಕಮ್ಮ ಒಳಗೆ ಹೋಗಲೂ ಇಲ್ಲ, ಕೂರಲೂ ಇಲ್ಲ. ಆಗ ನಿಂಗರಾಜಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಅಲ್ಲ ಮೇಡಂ, ಅವತ್ತಿಂದ ಒಂದು ಕೇಳ್ಬೇಕು ಅಂತಿದ್ದೆ. ಬ್ರೇಕ್ ಒತ್ತಿದ್ರೆ ಗಾಡಿ ಹೆಂಗೆ ಮುಂದಕ್ ಬಂತು? ಮನ್ಗಿದ್ದಾಗೆಲ್ಲಾ ಅದೇ ತಲೇಲಿ. ಮೂವತ್ತೊರ್ಸ ಗಾಡಿ ಓಡಿಸ್ದೋನು ನಾನು."

ನಾನು ಸುತ್ತ ನೋಡಿದೆ. ಜಗಲಿಯ ಮೇಲೆ ತೆಂಗಿನಕಾಯಿ ತುಂಬಿದ ಒಂದು ಬುಟ್ಟಿ ಇತ್ತು, ಪಕ್ಕದಲ್ಲಿ ದನ ಕಟ್ಟುವ ಹಗ್ಗ, ಒಂದು ಕಬ್ಬಿಣದ ಬಳೆ. ಬುಟ್ಟಿಯನ್ನು ಅಂಗಳಕ್ಕೆ ಇಳಿಸಿದೆ. ಹಗ್ಗವನ್ನು ಬಳೆಯೊಳಗೆ ತೂರಿಸಿ, ಒಂದು ತುದಿಯನ್ನು ಬುಟ್ಟಿಗೆ ಕಟ್ಟಿದೆ. ಇನ್ನೊಂದು ತುದಿಯನ್ನು ಸಾಕಮ್ಮನ ಕಡೆ ಚಾಚಿ, "ಇದನ್ನು ಹಿಡ್ಕೊಳ್ತೀರಾ?" ಎಂದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಹಿಡಿದುಕೊಂಡರು.

"ಈ ಬಳೆಯನ್ನು ಎಳೆಯೋ ನಾನು ಇಂಜಿನ್ನು. ಬುಟ್ಟಿ, ನೆಲಕ್ಕೆ ಊರಿರೋ ಗಾಲಿ. ನೀವು ಗಾಳಿಯಲ್ಲಿರೋ ಗಾಲಿ. ಹಗ್ಗ ಸಡಿಲ ಬಿಡಿ." ಬಳೆಯನ್ನು ಎಳೆದೆ. ಸಾಕಮ್ಮನ ಕೈಯಿಂದ ಹಗ್ಗ ಸರಸರನೆ ಹರಿದು ಬಂತು. ಬುಟ್ಟಿ ಇದ್ದಲ್ಲೇ ಇತ್ತು. ಹಗ್ಗವನ್ನು ಮತ್ತೆ ಅವರ ಕೈಗೆ ಕೊಟ್ಟು, "ಈಗ ಸ್ವಲ್ಪ ಬಿಗಿಹಿಡಿರಿ, ಇದೇ ಬ್ರೇಕು," ಎಂದೆ. ಅವರು ಹಿಡಿದರು. ಎಳೆದೆ. ಬುಟ್ಟಿ ಗರಗರನೆ ನನ್ನ ಕಡೆ ಸರಿಯಿತು. ಮೇಲಿದ್ದ ಕಾಯಿಯೊಂದು ಉರುಳಿಬಿತ್ತು, ಕೋಳಿ ಓಡಿತು.

"ಅಯ್ಯೋ!" ಎಂದರು ಸಾಕಮ್ಮ. ಅವರ ಮುಖದಲ್ಲಿ ನಗು ಬರುವುದೋ ಬೇಡವೋ ಎನ್ನುತ್ತಿತ್ತು.

ನಿಂಗರಾಜಣ್ಣ ಕುರ್ಚಿಯ ತುದಿಗೆ ಸರಿದಿದ್ದರು. ಕಣ್ಣು ಬಳೆಯ ಮೇಲೆ, ಹಗ್ಗದ ಮೇಲೆ, ಬುಟ್ಟಿಯ ಮೇಲೆ ಓಡಾಡುತ್ತಿತ್ತು. "ತಡೀರಿ, ತಡೀರಿ. ಎಷ್ಟು ಬಿಗಿ ಹಿಡಿದ್ರೆ ಬತ್ತದೆ? ಇನ್ನೊಂದ್ಸಲ ಎಳೀರಿ ಮೇಡಂ. ಇತ್ಲಾಗ್ ಕೊಡು ಸಾಕಿ, ನಾನ್ ಇಡ್ಕಂಡ್ ನೋಡ್ತೀನಿ," ಎನ್ನುತ್ತಾ ಅವರು ಕೈ ಚಾಚಿದರು.

ಬಲಗೈ. ಹೊಟ್ಟೆಯಿಂದ ಬಿಡಿಸಿಕೊಂಡು, ಮೊಣಕೈ ನೆಟ್ಟಗಾಗಿ, ಭುಜದಿಂದ ಪೂರ್ತಿ ಚಾಚಿದ ಬಲಗೈ. ಅವರಿಗೆ ಅದು ಗೊತ್ತಾಗಲಿಲ್ಲ, ಹಗ್ಗವನ್ನೇ ನೋಡುತ್ತಿ‌ದ್ದರು. ಸಾಕಮ್ಮ ನೋಡಿದರು. ನನ್ನ ಕಡೆ ತಿರುಗಿ, ಮಾತಾಡಬೇಡಿ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದರು. ಆಮೇಲೆ ಹಗ್ಗದ ತುದಿಯನ್ನು ಗಂಡನ ಕೈಗೆ ಕೊಡುವಾಗ, ಬೇಕೆಂದೇ ಒಂದು ಗೇಣು ದೂರದಲ್ಲಿ ಹಿಡಿದು ನಿಂತರು.